ಆವರಣದೊಳಗಿನ 294: ಪಠ್ಯ ಬರೆಯುವವರಿಗೂ ಚಾರ್ಟ್ ಅಚ್ಚು ಹಾಕಿಸುವವರಿಗೂ ಒಂದು ಬಹಿರಂಗ ಪತ್ರ

ವಿಜ್ಞಾನದ ಪಠ್ಯಪುಸ್ತಕ ಬರೆಯುವವರಿಗೆ, ಪ್ರಶ್ನೆಪತ್ರಿಕೆ ತಯಾರಿಸುವವರಿಗೆ, ಗೋಡೆಗೆ ಹಾಕುವ ಆವರ್ತಕ ಕೋಷ್ಟಕದ ಚಾರ್ಟ್ ಅಚ್ಚು ಹಾಕಿಸುವವರಿಗೆ,

ನಮಸ್ಕಾರ.

ನಾನು ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ 22 ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಈ ಪತ್ರ ಬರೆಯುತ್ತಿರುವುದು ಒಂದು ಚಿಕ್ಕ ವಿಷಯಕ್ಕೆ. ಕೋಷ್ಟಕದ ಕೊನೆಯ ಸಾಲು ನೋಡಿ. 104ನೇ ಧಾತು ರುದರ್‌ಫೋರ್ಡಿಯಮ್‌ನಿಂದ 118ನೇ ಓಗನೆಸ್ಸಾನ್‌ವರೆಗೆ ಪ್ರತಿ ಚೌಕದಲ್ಲೂ ಆವರಣದೊಳಗೆ ಒಂದು ಸಂಖ್ಯೆ ಇರುತ್ತದೆ. [267], [268], [269], ಹೀಗೆ [294]ರವರೆಗೆ. ಉಳಿದ ಧಾತುಗಳಿಗೆ ಪರಮಾಣು ರಾಶಿ ಬರೆಯುವ ಜಾಗದಲ್ಲೇ ಇದನ್ನೂ ಬರೆದಿರುತ್ತೀರಿ. ಆದರೆ ಅದು ಪರಮಾಣು ರಾಶಿ ಅಲ್ಲ ಅನ್ನುವುದನ್ನು ಚಾರ್ಟಿನಲ್ಲಿ ಎಲ್ಲೂ ಹೇಳಿರುವುದಿಲ್ಲ.

ಹೇಳದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಬಂತು: ಓಗನೆಸ್ಸಾನ್‌ನ ಪರಮಾಣು ರಾಶಿ ಎಷ್ಟು? ಕೀ ಉತ್ತರದಲ್ಲಿ ಇದ್ದದ್ದು 294. ನಮ್ಮ ಕಾಲೇಜಿನ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ಈ ಧಾತುವಿಗೆ ಪರಮಾಣು ರಾಶಿ ನಿಗದಿಯಾಗಿಲ್ಲ. ಗೊತ್ತಿರುವ ಸಮಸ್ಥಾನಿಯ ರಾಶಿ ಸಂಖ್ಯೆ 294.' ಸಮಸ್ಥಾನಿ ಅಂದರೆ ಅದೇ ಧಾತುವಿನ, ನ್ಯೂಟ್ರಾನ್ ಎಣಿಕೆ ಮಾತ್ರ ಬೇರೆಯಾದ ಪರಮಾಣು. ಅವಳಿಗೆ ಸೊನ್ನೆ ಬಂತು. ಉತ್ತರಪತ್ರಿಕೆ ಹಿಡಿದುಕೊಂಡು ಬಂದು, 'ಸರ್, ನಾನು ಬರೆದದ್ದು ತಪ್ಪಾ?' ಎಂದು ಕೇಳಿದಳು. ಅವಳು ಬರೆದದ್ದು ಪೂರ್ತಿ ಸರಿ. ತಪ್ಪಿದ್ದದ್ದು ಕೀ ಉತ್ತರದಲ್ಲಿ.

ಅವಳಿಗೆ ಅಂಕ ಸಿಗುವ ಹಾಗೆ ಮಾತಾಡಿದೆವು, ಅದು ಬೇರೆ. ಆದರೆ ಅದೇ ದಿನ ಸಂಜೆ ಪ್ರಯೋಗಾಲಯದ ಗೋಡೆಯ ಚಾರ್ಟ್ ಎದುರು ನಿಂತಾಗ ನನಗೆ ಅನ್ನಿಸಿದ್ದು ಇಷ್ಟು. ಕೀ ಉತ್ತರ ಬರೆದವರನ್ನು ದೂರಿ ಪ್ರಯೋಜನ ಇಲ್ಲ. ಅವರೂ ಇದೇ ಚಾರ್ಟ್ ನೋಡಿ ಬೆಳೆದವರು. ನಾನೂ ಮೊದಲ ಕೆಲವು ವರ್ಷ ಹಾಗೇ ಪಾಠ ಮಾಡಿದ್ದೇನೆ. ಆವರಣ ಯಾಕೆ ಎಂದು ಯಾರಾದರೂ ಕೇಳಿದರೆ, 'ಅದು ಅಂದಾಜು' ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಅದೂ ತಪ್ಪು ಉತ್ತರವೇ.

ನಮ್ಮ ಭಾಷೆಯಲ್ಲಿ 'ರಾಶಿ' ಅನ್ನುವ ಮಾತೇ ಇದನ್ನು ಚೆನ್ನಾಗಿ ತಿಳಿಸುತ್ತದೆ. ಸುಗ್ಗಿಯಲ್ಲಿ ಕಣದ ನಡುವೆ ರಾಗಿ ರಾಶಿ ಹಾಕುತ್ತೇವೆ. ರಾಶಿ ಇದ್ದರೆ ಅಳೆಯಬಹುದು, ಸೇರಿಗೆ ಇಷ್ಟು ತೂಕ ಎಂದು ಹೇಳಬಹುದು. ಕ್ಲೋರಿನ್‌ಗೆ ಅಂಥ ರಾಶಿ ಇದೆ. ಸಮುದ್ರದಲ್ಲಿದೆ, ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿದೆ. ಅದರಿಂದ 100 ಪರಮಾಣು ತೆಗೆದರೆ ಸುಮಾರು 76ರ ರಾಶಿ ಸಂಖ್ಯೆ 35, ಉಳಿದ 24ರದ್ದು 37. ಸರಾಸರಿ ಹಾಕಿದರೆ 35.48 ಬರುತ್ತದೆ. ಪುಸ್ತಕದಲ್ಲಿ ಇರುವುದು 35.45. ಈ ಚಿಕ್ಕ ವ್ಯತ್ಯಾಸದಲ್ಲೇ ಒಂದು ಪಾಠ ಇದೆ. ರಾಶಿ ಸಂಖ್ಯೆ ಅನ್ನುವುದು ಬರೀ ಎಣಿಕೆ. ಪರಮಾಣುವಿನ ನಡುವಿನ ತಿರುಳಾದ ಬೀಜದಲ್ಲಿ ಪ್ರೋಟಾನ್ ಎಷ್ಟು, ನ್ಯೂಟ್ರಾನ್ ಎಷ್ಟು ಎಂದು ಎಣಿಸಿ ಕೂಡಿಸಿದರೆ ಮುಗಿಯಿತು. ನಿಜವಾದ ರಾಶಿ ತೂಗಿ ತಿಳಿದದ್ದು. ಕ್ಲೋರಿನ್-35 ತೂಗಿದರೆ 34.969, ಕ್ಲೋರಿನ್-37 ತೂಗಿದರೆ 36.966. ಈ ಎರಡನ್ನು ಅವು ನಿಸರ್ಗದಲ್ಲಿ ಸಿಗುವ ಪ್ರಮಾಣದಲ್ಲಿ ಬೆರೆಸಿದಾಗ 35.45 ಬರುತ್ತದೆ. ಕೋಷ್ಟಕದಲ್ಲಿ ನಾವು ಪರಮಾಣು ರಾಶಿ ಎಂದು ಓದುವುದು ಇದನ್ನೇ.

ಹಾಗಾದರೆ ರಾಶಿಯೇ ಇಲ್ಲದ ಧಾತುವಿಗೆ ಸರಾಸರಿ ಎಲ್ಲಿಂದ ತರುವುದು?

ಯುರೇನಿಯಂ ವಿಕಿರಣಶೀಲ. ಆದರೂ ಅದಕ್ಕೆ 238.03 ಎಂದು ಆವರಣವಿಲ್ಲದೆ ಬರೆಯುತ್ತೇವೆ. ಯಾಕೆಂದರೆ ಯುರೇನಿಯಂ-238ರ ಅರ್ಧಾಯು, ಅಂದರೆ ಇರುವುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 447 ಕೋಟಿ ವರ್ಷ. ಭೂಮಿ ಹುಟ್ಟಿದಾಗಿನ ಯುರೇನಿಯಂ ಇನ್ನೂ ನೆಲದಲ್ಲಿದೆ, ಅಗೆದು ತೂಗಬಹುದು. ಓಗನೆಸ್ಸಾನ್ ಹಾಗಲ್ಲ. ಅದು ಈ ಭೂಮಿಯ ಯಾವ ಕಲ್ಲಿನಲ್ಲೂ, ಯಾವ ನೀರಿನಲ್ಲೂ ಇಲ್ಲ. ಇಲ್ಲಿಯವರೆಗೆ ಮನುಷ್ಯರು ಕಂಡಿರುವ ಓಗನೆಸ್ಸಾನ್ ಪರಮಾಣುಗಳು ಐದೋ ಆರೋ ಅಷ್ಟೇ. ಅದರ ಅರ್ಧಾಯು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಮೊದಲ ಪರಮಾಣು ಬರುವ ಹೊತ್ತಿಗೆ ಎರಡನೆಯದು ಇರಲಿಲ್ಲ, ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಉಳಿದಿರಲಿಲ್ಲ. ಇಂಥದ್ದನ್ನು ಗುಡ್ಡೆ ಹಾಕಿ ತೂಗಲು ಆಗುತ್ತದಾ?

ಮತ್ತೆ 294 ಎಲ್ಲಿಂದ ಬಂತು? ಇದನ್ನು ಮಕ್ಕಳಿಗೆ ಹೇಳಿಕೊಡಲು ಐದು ನಿಮಿಷ ಸಾಕು. ನಾನು ಪ್ರತಿ ವರ್ಷ ಹೇಳಿಕೊಡುತ್ತೇನೆ. ರಷ್ಯಾದಲ್ಲಿ ವೋಲ್ಗಾ ನದಿಯ ದಡದಲ್ಲಿ ದುಬ್ನಾ ಎಂಬ ಊರಿದೆ. ಅಲ್ಲಿನ ಪ್ರಯೋಗಾಲಯದವರು ಅಮೆರಿಕದ ಲಿವರ್‌ಮೋರ್‌ನ ವಿಜ್ಞಾನಿಗಳ ಜೊತೆ ಸೇರಿ 2002ರಲ್ಲಿ ಮತ್ತು 2005ರಲ್ಲಿ ಈ ಕೆಲಸ ಮಾಡಿದರು. ಕ್ಯಾಲಿಫೋರ್ನಿಯಂ-249ರ ತೆಳು ಪದರದ ಮೇಲೆ ಕ್ಯಾಲ್ಸಿಯಂ-48ರ ಬೀಜಗಳನ್ನು ಬೆಳಕಿನ ವೇಗದ ಹತ್ತರಲ್ಲೊಂದು ಭಾಗದಷ್ಟು ವೇಗದಲ್ಲಿ ಹೊಡೆದರು. ಕೋಟಿ ಕೋಟಿ ಬೀಜಗಳು ಸುಮ್ನೆ ಹಾದುಹೋಗುತ್ತವೆ. ಅಪರೂಪಕ್ಕೆ ಒಂದು ಅಂಟಿಕೊಳ್ಳುತ್ತದೆ. ಪ್ರೋಟಾನ್ ಲೆಕ್ಕ: 98ಕ್ಕೆ 20 ಕೂಡಿಸಿದರೆ 118. ರಾಶಿ ಸಂಖ್ಯೆಯ ಲೆಕ್ಕ: 249ಕ್ಕೆ 48 ಕೂಡಿಸಿದರೆ 297. ಹಾಗೆ ಹುಟ್ಟಿದ ಬೀಜ ಕುದಿಯುತ್ತಿರುತ್ತದೆ. ಮೂರು ನ್ಯೂಟ್ರಾನ್‌ಗಳನ್ನು ಹೊರಗೆ ಎಸೆದು ತಣ್ಣಗಾಗುತ್ತದೆ. ಉಳಿಯುವುದು 294. ಅದು ಒಂದು ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್) ಬಿಟ್ಟು 116ನೇ ಧಾತು ಲಿವರ್‌ಮೋರಿಯಂ-290 ಆಗುತ್ತದೆ, ಇನ್ನೊಂದು ಬಿಟ್ಟು 114ನೇ ಧಾತು ಫ್ಲೆರೋವಿಯಂ-286 ಆಗುತ್ತದೆ. ಈ ಸರಪಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಬಂದು, 'ಹಾಗಾದರೆ ಮೊದಲು ಇದ್ದದ್ದು 294' ಎಂದು ತೀರ್ಮಾನಿಸಿದರು. ಮಳೆಗಾಲದ ಕೆಸರಿನಲ್ಲಿ ಹೆಜ್ಜೆ ನೋಡಿ ಯಾವ ಪ್ರಾಣಿ ಹೋಯಿತು ಎಂದು ಕಾಡಂಚಿನ ಊರಿನವರು ಹೇಳುವ ಹಾಗೆ.

ಕೂಡುವುದು ಕಳೆಯುವುದು ಬಂದರೆ ಸಾಕು, ಹತ್ತನೇ ತರಗತಿಯ ಮಕ್ಕಳೂ ಈ ಲೆಕ್ಕ ಮಾಡುತ್ತಾರೆ. ಮಾಡಿದಾಗ ಅವರ ಮುಖ ನೋಡಬೇಕು ನೀವು. ಬಾಯಿಪಾಠ ಮಾಡಿದ 294ಕ್ಕೂ ತಾವೇ ಕೂಡಿ ಕಳೆದು ತಲುಪಿದ 294ಕ್ಕೂ ಎಷ್ಟೋ ಅಂತರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಒಂದು ಪರಮಾಣುವಿಗೆ ನಿಜವಾದ ರಾಶಿ ಇದ್ದೇ ಇರುತ್ತದೆ. ಅದು ಸರಿಯಾಗಿ 294 ಅಲ್ಲ, ಲೆಕ್ಕದ ಪ್ರಕಾರ 294.2ರ ಆಸುಪಾಸು. ಅದನ್ನು ಯಾರೂ ಇನ್ನೂ ನೇರವಾಗಿ ತೂಗಿಲ್ಲ. ತೂಗುವ ಪ್ರಯತ್ನ ಎಲ್ಲಿಗೆ ಬಂದಿದೆ ಗೊತ್ತಾ? 2010ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 102ನೇ ಧಾತು ನೊಬೆಲಿಯಂನ ಪರಮಾಣುಗಳನ್ನು ಕಾಂತಕ್ಷೇತ್ರದ ಬಲೆಯಲ್ಲಿ ಹಿಡಿದು ರಾಶಿ ಅಳೆದರು. 2018ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ 115ನೇ ಧಾತು ಮಾಸ್ಕೋವಿಯಂ ಮತ್ತು 113ನೇ ಧಾತು ನಿಹೋನಿಯಂಗಳ ರಾಶಿ ಸಂಖ್ಯೆಯನ್ನು ಮೊದಲ ಸಲ ನೇರವಾಗಿ ಪತ್ತೆ ಮಾಡಿದರು. 288 ಮತ್ತು 284. ಅಂದರೆ ಅಲ್ಲಿಯವರೆಗೆ ಈ ತುದಿಯ ಧಾತುಗಳ ರಾಶಿ ಸಂಖ್ಯೆ ಪೂರ್ತಿಯಾಗಿ ಸರಪಳಿಯ ತರ್ಕದ ಮೇಲೆ ನಿಂತಿತ್ತು. ಆಮೇಲೆ ಜಪಾನಿನಲ್ಲಿ 105ನೇ ಧಾತು ಡುಬ್ನಿಯಂನ 257 ಎಂಬ ಸಮಸ್ಥಾನಿಯನ್ನು ಹೆಚ್ಚು ನಿಖರವಾಗಿ ತೂಗಿದರು. ತೂಕ ಮತ್ತು ಎಣಿಕೆಯ ನಡುವಿನ ಈ ಅಂತರ ದಾಟಲು ಎಷ್ಟು ಜನ ಎಷ್ಟು ವರ್ಷ ದುಡಿದಿದ್ದಾರೆ. ಅದನ್ನು ನಾವು ಒಂದು ಅಂಕದ ಪ್ರಶ್ನೆಯಲ್ಲಿ ಅಳಿಸಿಹಾಕುತ್ತಿದ್ದೇವೆ.

ಈಗ ಗೋಡೆಯ ಚಾರ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಎರಡು ಚಾರ್ಟ್ ಇವೆ. ಹಳೆಯದರಲ್ಲಿ ಡುಬ್ನಿಯಂಗೆ [262], ಹೊಸದರಲ್ಲಿ [268]. ಯಾವುದು ಸರಿ ಎಂದು ಮಕ್ಕಳು ಕೇಳುತ್ತಾರೆ. ಎರಡೂ ಅಚ್ಚಾದ ಕಾಲಕ್ಕೆ ಸರಿ. ಆವರಣದಲ್ಲಿ ಬರೆಯುವುದು ಆವತ್ತಿನವರೆಗೆ ಗೊತ್ತಿರುವ ಸಮಸ್ಥಾನಿಗಳಲ್ಲಿ ಹೆಚ್ಚು ಹೊತ್ತು ಬಾಳುವುದರ ರಾಶಿ ಸಂಖ್ಯೆ. ಡುಬ್ನಿಯಂ-262ರ ಅರ್ಧಾಯು ಅರ್ಧ ನಿಮಿಷದ ಆಸುಪಾಸು. 2003ರಲ್ಲಿ ದುಬ್ನಾದಲ್ಲಿ ಮಾಸ್ಕೋವಿಯಂ ತಯಾರಾದಾಗ ಅದರ ಸರಪಳಿಯ ಕೊನೆಯಲ್ಲಿ ಡುಬ್ನಿಯಂ-268 ಕಾಣಿಸಿತು. ಅದು ಗಂಟೆಗಟ್ಟಲೆ ಬಾಳುತ್ತದೆ. ಇತ್ತೀಚಿನ ಅಳತೆಯಲ್ಲಿ ಸುಮಾರು 16 ಗಂಟೆ. ಹಾಗಾಗಿ ಆವರಣದ ಸಂಖ್ಯೆ ಬದಲಾಯಿತು. ಕ್ಲೋರಿನ್‌ನ 35.45 ಹೀಗೆ ಆರು ಅಂಕಿ ಜಿಗಿಯುವುದಿಲ್ಲ.

ನಿಹೋನಿಯಂ ಕತೆ ಇನ್ನೂ ಚೆನ್ನಾಗಿದೆ. ಜಪಾನಿನ ರಿಕೆನ್ ಸಂಸ್ಥೆಯ ಕೊಸುಕೆ ಮೊರಿಟಾ ಮತ್ತು ಅವರ ತಂಡದವರು ಬಿಸ್ಮತ್-209ರ ಮೇಲೆ ಸತು-70 ಹೊಡೆದರು. 83 ಮತ್ತು 30 ಕೂಡಿದರೆ 113. 209 ಮತ್ತು 70 ಕೂಡಿದರೆ 279, ಒಂದು ನ್ಯೂಟ್ರಾನ್ ಹೋದರೆ 278. ಮೊದಲ ಪರಮಾಣು ಸಿಕ್ಕಿದ್ದು 2004ರ ಜುಲೈ 23ರಂದು. ಎರಡನೆಯದು 2005ರ ಏಪ್ರಿಲ್‌ನಲ್ಲಿ. ಮೂರನೆಯದಕ್ಕೆ 2012ರ ಆಗಸ್ಟ್ 12ರವರೆಗೆ ಕಾಯಬೇಕಾಯಿತು. ಏಳು ವರ್ಷ! ಒಟ್ಟು ಮೂರೇ ಪರಮಾಣು. ಅವುಗಳ ಬಲದ ಮೇಲೆ ಧಾತುವಿಗೆ ಹೆಸರಿಡುವ ಹಕ್ಕು ಜಪಾನಿಗೆ ಸಿಕ್ಕಿತು. 2016ರ ನವೆಂಬರ್ 28ರಂದು ಐಯುಪ್ಯಾಕ್, ಅಂದರೆ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ, ಹೆಸರನ್ನು ಒಪ್ಪಿತು. ಆದರೆ ಚಾರ್ಟಿನಲ್ಲಿ ನಿಹೋನಿಯಂ ಕೆಳಗೆ 278 ಇಲ್ಲ, [286] ಇದೆ. 278 ಸೆಕೆಂಡಿನ ಸಾವಿರದ ಕೆಲವೇ ಭಾಗ ಬಾಳಿದರೆ, ಆಮೇಲೆ ಬೇರೆ ದಾರಿಯಿಂದ ಕಂಡ 286 ಸುಮಾರು 10 ಸೆಕೆಂಡು ಬಾಳುತ್ತದೆ.

ಆ ಬೇರೆ ದಾರಿ 117ನೇ ಧಾತು ಟೆನ್ನೆಸಿನ್‌ನದ್ದು. ಅದಕ್ಕೆ ಬರ್ಕೀಲಿಯಂ-249 ಬೇಕು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ 22 ಮಿಲಿಗ್ರಾಂ ತಯಾರಿಸಿದರು. ಒಂದು ಚಿಟಿಕೆಯೂ ಇಲ್ಲ. ಅದರ ಅರ್ಧಾಯು ಸುಮಾರು 330 ದಿನ, ಹಾಗಾಗಿ ಇಟ್ಟುಕೊಂಡು ಕೂರುವಂತಿಲ್ಲ. ರಷ್ಯಾಕ್ಕೆ ಕಳಿಸಿದರು, ದುಬ್ನಾದಲ್ಲಿ ಕ್ಯಾಲ್ಸಿಯಂ-48 ಹೊಡೆದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಇದ್ದದ್ದು ಆರು ಪರಮಾಣು. ಐದರ ರಾಶಿ ಸಂಖ್ಯೆ 293. ಒಂದೇ ಒಂದು 294. ಟೆನ್ನೆಸಿನ್ ಕೆಳಗೆ ನೀವು [294] ಎಂದು ಅಚ್ಚು ಹಾಕುತ್ತೀರಲ್ಲ, ಅದಕ್ಕೆ ಮೊದಲ ಸಾಕ್ಷಿ ಆ ಒಂಟಿ ಪರಮಾಣು. ಆಮೇಲೆ ಡಾರ್ಮ್‌ಸ್ಟಾಟ್‌ನಲ್ಲೂ 294 ಕಂಡಿತು, ಸಂಖ್ಯೆ ಗಟ್ಟಿಯಾಯಿತು. ಅದೇ ಸರಪಳಿಯಲ್ಲಿ ಕೆಳಗಿಳಿದರೆ ಮಾಸ್ಕೋವಿಯಂ-290, ಆಮೇಲೆ ನಿಹೋನಿಯಂ-286. ಚಾರ್ಟಿನ ಮೂರು ಚೌಕಗಳ ಮೂರು ಸಂಖ್ಯೆಗಳು ಹೀಗೆ ಒಂದೇ ಸರಪಳಿಯ ಮೂರು ಕೊಂಡಿಗಳು. ತರಗತಿಯಲ್ಲಿ ಇದನ್ನು ಬಿಡಿಸಿ ತೋರಿಸಿದ ದಿನ ಕೊನೆಯ ಬೆಂಚಿನವರೂ ಚಾರ್ಟ್ ಹತ್ತಿರ ಎದ್ದು ಬಂದಿದ್ದರು.

ಸಮಸ್ಥಾನಿ ಬದಲಾದರೆ ಏನು ಮಹಾ ವ್ಯತ್ಯಾಸ ಎಂದು ಕೆಲವರು ಕೇಳಬಹುದು. 112ನೇ ಧಾತು ಕೋಪರ್ನಿಸಿಯಂ ನೋಡಿ. 1996ರ ಫೆಬ್ರವರಿ 9ರಂದು ಡಾರ್ಮ್‌ಸ್ಟಾಟ್‌ನಲ್ಲಿ ಅದು ಮೊದಲು ಹುಟ್ಟಿದಾಗ ರಾಶಿ ಸಂಖ್ಯೆ 277. ಅದು ಒಂದು ಮಿಲಿಸೆಕೆಂಡೂ ಬಾಳುವುದಿಲ್ಲ. ಅದೇ ಧಾತುವಿನ 285ರ ಅರ್ಧಾಯು ಸುಮಾರು 30 ಸೆಕೆಂಡು. ಜಾಸ್ತಿಯಾದದ್ದು ಎಂಟೇ ನ್ಯೂಟ್ರಾನ್. ಆಯಸ್ಸು ಮಾತ್ರ ಹತ್ತಾರು ಸಾವಿರ ಪಟ್ಟು ಬೆಳೆಯಿತು. ಬೀಜದಲ್ಲಿ ಪ್ರೋಟಾನ್‌ಗಳು ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ನ್ಯೂಟ್ರಾನ್‌ಗಳು ತಳ್ಳುವುದಿಲ್ಲ, ಅಂಟಿನ ಹಾಗೆ ಹಿಡಿದುಕೊಳ್ಳುತ್ತವೆ. ಜೊತೆಗೆ 2, 8, 20, 28, 50, 82, 126 ಎಂಬ ಮಾಂತ್ರಿಕ ಸಂಖ್ಯೆಗಳಿವೆ. ಆ ಲೆಕ್ಕಕ್ಕೆ ತುಂಬಿದ ಬೀಜ ಹೆಚ್ಚು ಗಟ್ಟಿ. ಇದನ್ನು ವಿವರಿಸಿದ್ದಕ್ಕೆ ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ಅವರಿಗೆ 1963ರಲ್ಲಿ ನೊಬೆಲ್ ಬಂತು. ಕ್ಯಾಲ್ಸಿಯಂ-48ರಲ್ಲಿ 20 ಪ್ರೋಟಾನ್, 28 ನ್ಯೂಟ್ರಾನ್, ಎರಡೂ ಮಾಂತ್ರಿಕ. ಮೇಲಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಅದೇ ಬಂದದ್ದು ಸುಮ್ನೆ ಅಲ್ಲ. ಅದೂ ದುರ್ಲಭ. ಸಾವಿರ ಕ್ಯಾಲ್ಸಿಯಂ ಪರಮಾಣುಗಳಲ್ಲಿ ಎರಡೂ ಸಿಗುವುದಿಲ್ಲ.

114 ಪ್ರೋಟಾನ್, 184 ನ್ಯೂಟ್ರಾನ್ ಇರುವ ಕಡೆ ಒಂದು ಸ್ಥಿರತೆಯ ನಡುಗಡ್ಡೆ, ಅಂದರೆ ಸುತ್ತಲಿನವಕ್ಕಿಂತ ಹೆಚ್ಚು ಹೊತ್ತು ಬಾಳುವ ಬೀಜಗಳ ಗುಂಪು, ಇದೆ ಎಂದು ಸಿದ್ಧಾಂತ ಹೇಳುತ್ತದೆ. ಫ್ಲೆರೋವಿಯಂ-289ರಲ್ಲಿ ಇರುವುದು 175 ನ್ಯೂಟ್ರಾನ್. ಅರ್ಧಾಯು ಸುಮಾರು ಎರಡು ಸೆಕೆಂಡು. ಇನ್ನೂ ಒಂಬತ್ತು ನ್ಯೂಟ್ರಾನ್ ಬೇಕು. ನಡುಗಡ್ಡೆಯ ಮರಳು ಕಾಲಿಗೆ ತಾಗಿದೆ, ಊರು ಇನ್ನೂ ಸಿಕ್ಕಿಲ್ಲ. ಅಷ್ಟು ನ್ಯೂಟ್ರಾನ್ ತುಂಬಿಕೊಂಡ ಬೀಜ ಮಾಡುವ ದಾರಿ ಯಾರಿಗೂ ಇನ್ನೂ ಹೊಳೆದಿಲ್ಲ. ಹೊಳೆದ ದಿನ ನಿಮ್ಮ ಚಾರ್ಟಿನ ಆವರಣಗಳು ಮತ್ತೆ ಬದಲಾಗುತ್ತವೆ.

ಈ ಕೆಲಸ ನಿಂತಿಲ್ಲ. 2024ರ ಜುಲೈನಲ್ಲಿ ಬರ್ಕ್ಲಿಯವರು ಕ್ಯಾಲ್ಸಿಯಂ ಬದಲು ಟೈಟಾನಿಯಂ-50 ಹೊಡೆದು 22 ದಿನದಲ್ಲಿ ಎರಡು ಲಿವರ್‌ಮೋರಿಯಂ ಪರಮಾಣು ಮಾಡಿದ್ದನ್ನು ಪ್ರಕಟಿಸಿದರು. 120ನೇ ಧಾತುವಿಗೆ ಹೋಗುವ ದಾರಿಯಲ್ಲಿ ಅದು ಒಂದು ಪರೀಕ್ಷೆ. ನಮ್ಮ ನಾಡಿನಲ್ಲೂ ಇದರ ಲೆಕ್ಕ ಮಾಡುವವರಿದ್ದಾರೆ. ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ಅತಿಭಾರದ ಬೀಜಗಳ ಆಲ್ಫಾ ಕ್ಷಯದ ಬಗ್ಗೆ ಅಂತಾರಾಷ್ಟ್ರೀಯ ಪತ್ರಿಕೆಗಳಲ್ಲಿ ಲೇಖನಗಳು ಬಂದಿವೆ. ಯಾವ ಸಮಸ್ಥಾನಿ ಎಷ್ಟು ಹೊತ್ತು ಬಾಳಬಹುದು ಎಂದು ಕೋಲಾರದಲ್ಲಿ ಕೂತು ಲೆಕ್ಕ ಹಾಕುತ್ತಾರೆ! ಇದನ್ನು ಹೇಳಿದಾಗ ನಮ್ಮ ಹುಡುಗಿಯರು ನಂಬಲಿಲ್ಲ. ಪಠ್ಯದಲ್ಲಿ ಒಂದು ಸಾಲು ಇದ್ದಿದ್ದರೆ ನಂಬುತ್ತಿದ್ದರು, ಅಲ್ವಾ?

ಹಾಗಾಗಿ ನನ್ನ ಕೋರಿಕೆ. ಚಾರ್ಟ್ ಅಚ್ಚು ಹಾಕಿಸುವವರು ಕೆಳಗಿನ ಅಂಚಿನಲ್ಲಿ ಒಂದು ವಾಕ್ಯ ಸೇರಿಸಿ, ಪಕ್ಕದಲ್ಲಿ ಅಚ್ಚಾದ ವರ್ಷ ಹಾಕಿ. ವರ್ಷ ಇಲ್ಲದ ಚಾರ್ಟ್ ತಾರೀಕು ಇಲ್ಲದ ದಿನಪತ್ರಿಕೆಯ ಹಾಗೆ. ಆವರಣದ ಒಂದು ಗೊಂದಲವನ್ನೂ ಗಮನಿಸಿ. 2009ರ ನಂತರ ಐಯುಪ್ಯಾಕ್ ಹೈಡ್ರೋಜನ್, ಕ್ಲೋರಿನ್ ಥರದ ಕೆಲವು ಧಾತುಗಳಿಗೆ ಒಂದೇ ಸಂಖ್ಯೆಯ ಬದಲು ಕನಿಷ್ಠ, ಗರಿಷ್ಠ ಎರಡನ್ನೂ ಚೌಕ ಆವರಣದಲ್ಲೇ ಬರೆಯುತ್ತಿದೆ. ಕ್ಲೋರಿನ್‌ಗೆ [35.446, 35.457]. ಯಾಕೆಂದರೆ ಬೇರೆ ಬೇರೆ ಜಾಗದ ಕ್ಲೋರಿನ್‌ನಲ್ಲಿ ಸಮಸ್ಥಾನಿಗಳ ಪ್ರಮಾಣ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಒಂದೇ ಚಿಹ್ನೆಗೆ ಎರಡು ಅರ್ಥ ಬಂದಿದೆ. ಚಿಹ್ನೆ ಬದಲಿಸಲು ಆಗದಿದ್ದರೆ ಅತಿಭಾರದ ಧಾತುಗಳಿಗೆ ಬೇರೆ ಬಣ್ಣ ಕೊಡಿ, ಸಾಕು.

ಪಠ್ಯ ಬರೆಯುವವರು ಓಗನೆಸ್ಸಾನ್‌ನ ಕೂಡು-ಕಳೆ ಲೆಕ್ಕವನ್ನು ಅರ್ಧ ಪುಟದಲ್ಲಿ ಕೊಡಿ. ಅದಕ್ಕಾಗಿ ಬೇರೆ ಅಧ್ಯಾಯ ಬೇಡ. ಸಮಸ್ಥಾನಿಗಳ ಪಾಠದಲ್ಲಿ ಕ್ಲೋರಿನ್ ಮುಗಿದ ಕೂಡಲೇ ಬಂದರೆ ಸರಿಯಾಗಿ ಕೂರುತ್ತದೆ. ಪ್ರಶ್ನೆ ಬರೆಯುವವರಲ್ಲಿ ಕೇಳುವುದು ಇಷ್ಟೇ: 104ರ ಮೇಲಿನ ಧಾತುಗಳ 'ಪರಮಾಣು ರಾಶಿ' ಕೇಳಬೇಡಿ. ಅದರ ಬದಲು, 'ಓಗನೆಸ್ಸಾನ್‌ಗೆ ದಶಾಂಶ ಇರುವ ಪರಮಾಣು ರಾಶಿ ಯಾಕಿಲ್ಲ?' ಎಂದು ಎರಡು ಅಂಕಕ್ಕೆ ಕೇಳಿ ನೋಡಿ. ಆ ಹುಡುಗಿ ಬರೆದದ್ದೇ ಕೀ ಉತ್ತರ ಆಗುತ್ತದೆ.

ಚಾರ್ಟಿನ ಅಂಚಿಗೆ ಯಾವ ವಾಕ್ಯ ಎಂದು ಕೇಳಿದರೆ, ಇಲ್ಲಿದೆ. ನಮ್ಮ ಪ್ರಯೋಗಾಲಯದ ಎರಡೂ ಚಾರ್ಟ್‌ಗಳ ಕೆಳಗೆ ಮಕ್ಕಳೇ ಬಿಳಿ ಕಾಗದದಲ್ಲಿ ಬರೆದು ಅಂಟಿಸಿದ್ದಾರೆ. ಯಾರು ಬೇಕಾದರೂ ಹಾಗೇ ತೆಗೆದುಕೊಂಡು ಅಚ್ಚು ಹಾಕಬಹುದು:

'ಈ ಸಾಲಿನಲ್ಲಿ ಆವರಣದೊಳಗೆ ಇರುವುದು ತೂಕವಲ್ಲ, ಎಣಿಕೆ. ಈ ಚಾರ್ಟ್ ಅಚ್ಚಾದ ವರ್ಷದವರೆಗೆ ಕಂಡ ಸಮಸ್ಥಾನಿಗಳಲ್ಲಿ ಹೆಚ್ಚು ಹೊತ್ತು ಬಾಳಿದ್ದರ ರಾಶಿ ಸಂಖ್ಯೆ. ಮುಂದೆ ಬದಲಾಗಬಹುದು.'

ವಿಶ್ವಾಸದಿಂದ,
ನಿಮ್ಮ ಪುಸ್ತಕದಿಂದಲೇ ಪಾಠ ಮಾಡುವ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು